ಮನೆ ಹೊತ್ತು ಹೊರಟ ಪಿಕಪ್

ಐದು ಟನ್ ಎಳೆಯುವ ಗಾಡಿಗೆ ಒಂದು ಟನ್ ಹೊರಲು ಆಗದೇ ಹೋಗಬಹುದು! ಅಮೆರಿಕದ ಹೆದ್ದಾರಿಗಳಲ್ಲಿ ಬೆನ್ನ ಮೇಲೆ ಮನೆ ಹೇರಿಕೊಂಡು ಓಡುವ ಪಿಕಪ್‌ಗಳ ಹಣೆಬರಹ ಇರುವುದು ಡ್ರೈವರ್ ಬಾಗಿಲ ಸಂದಿಯ ಒಂದು ಚೀಟಿಯಲ್ಲಿ. ಅದನ್ನು ಓದದೆ ಕ್ಯಾಂಪರ್ ಕೊಂಡವರ ಪಾಡು ಏನಾಗುತ್ತದೆ?

1960ರ ಶರತ್ಕಾಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದು ಭಾನುವಾರ, ಬಿಟ್ಟೂ ಬಿಡದ ಮಳೆ. ಹಸಿರು ಬಣ್ಣದ ಜಿಎಂಸಿ ಪಿಕಪ್ ಒಂದರ ಟೈರು ಒಡೆದುಹೋಯಿತು. ಗಾಡಿಯ ಬೆನ್ನ ಮೇಲೆ ಹಾಸಿಗೆ, ಒಲೆ, ಮೇಜು ಎಲ್ಲ ಇದ್ದ ಪುಟ್ಟ ಮನೆ. ಮುಂದೆ ಕೂತವರು ಇಬ್ಬರು: ಐವತ್ತೆಂಟು ವಯಸ್ಸಿನ ಗಡ್ಡಧಾರಿ ಮತ್ತು ಚಾರ್ಲಿ ಎಂಬ ಪೂಡಲ್ ನಾಯಿ.

ಗಡ್ಡಧಾರಿ ಮಳೆಯಲ್ಲಿ ತೊಯ್ದು, ಕೆಸರಿನಲ್ಲಿ ಒದ್ದಾಡಿ ಸ್ಟೆಪ್ನಿ ಹಾಕಿದರು. ಇನ್ನೊಂದು ಟೈರೂ ಇಂದೋ ನಾಳೆಯೋ ಎನ್ನುವಂತಿತ್ತು. ಅಷ್ಟು ಭಾರ ತಡೆಯುವ ಅಳತೆಯ ಟೈರು ಕಂಡಕಂಡ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅದರ ಮೇಲೆ ಭಾನುವಾರ ಬೇರೆ. ಕೊನೆಗೆ ದಾರಿಬದಿಯ ಗ್ಯಾರೇಜಿನವನೊಬ್ಬ, ನೋಡಿದರೆ ಹೆದರಿಕೆ ಹುಟ್ಟಿಸುವಂಥ ಆಸಾಮಿ, ಅಲ್ಲಿಗೆ ಇಲ್ಲಿಗೆ ಫೋನು ಮಾಡಿ ಟೈರು ಹೊಂದಿಸಿಕೊಟ್ಟ.

ಆ ಗಡ್ಡಧಾರಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. ಈ ಯಾತ್ರೆಯ ಕಥನ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಅಚ್ಚಾಗಿದ್ದು 1962ರಲ್ಲಿ, ನೊಬೆಲ್ ಬಂದ ವರ್ಷವೇ. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸಾಮಾನು ತುಂಬಿಕೊಂಡು ಹೊರಟಿದ್ದೆ ಎಂದು ಅದರಲ್ಲಿ ಅವರೇ ಬರೆದುಕೊಂಡಿದ್ದಾರೆ. ಹತಾರಗಳು, ಡಬ್ಬಿ ಆಹಾರ, ಹೆಂಡ, ಜೊತೆಗೆ ಕೊನೆಗೂ ಓದದೇ ಉಳಿಯುವ ಪುಸ್ತಕಗಳ ಮೂಟೆ. ಬರೆಯುವಾಗ ಒಂದೊಂದು ಪದವನ್ನೂ ತೂಗುತ್ತಿದ್ದವರು ಗಾಡಿಯ ಲೋಡನ್ನು ತೂಗುವ ಗೋಜಿಗೆ ಹೋದಂತಿಲ್ಲ.

ಆ ಹುಚ್ಚು ಇಂದಿಗೂ ಇಳಿದಿಲ್ಲ. ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಹಿಮ ಕರಗಿ, 3,031 ಮೀಟರ್ ಎತ್ತರದ ಟಿಯೋಗಾ ಪಾಸ್ ತೆರೆದುಕೊಳ್ಳುತ್ತದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಗಾಡಿಗಳ ಸಾಲು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರ ಮನೆಗಳಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಚರ್ಚೆ ಶುರು. ಹೋಟೆಲ್ ಬೇಡ, ಕುಕ್ಕರ್ ಜೊತೆಗಿದ್ದರೆ ಅನ್ನ ಸಾರಿಗೆ ಚಿಂತೆಯಿಲ್ಲ ಎಂದು ಒಮ್ಮೆ ಬಾಡಿಗೆ ಕ್ಯಾಂಪರ್ ಹಿಡಿದು ರುಚಿ ಕಂಡವರು, ಮುಂದಿನ ವರ್ಷ ಸೆಕೆಂಡ್‌ಹ್ಯಾಂಡ್ ಪಿಕಪ್ಪಿನ ಜಾಹೀರಾತು ನೋಡುತ್ತ ಕೂರುತ್ತಾರೆ.

ಎಡವುವುದು ಅಲ್ಲೇ.

ಎಳೆತ ಬೇರೆ, ಹೊರೆ ಬೇರೆ

ಟ್ರಕ್ ಕ್ಯಾಂಪರ್‌ಗೆ ತನ್ನದೇ ಚಕ್ರ ಇಲ್ಲ. ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೆ ಸರಿಸಿ ಕೂರಿಸುವ ಪೆಟ್ಟಿಗೆ ಮನೆ ಅದು. ಅದರ ಮಲಗುವ ಭಾಗ ಡ್ರೈವರ್ ಕ್ಯಾಬಿನ್ನಿನ ನೆತ್ತಿಯ ಮೇಲೆ ಚಾಚಿಕೊಂಡಿರುತ್ತದೆ. ಬಿಡಾರ ಹೂಡಿದಾಗ ನಾಲ್ಕು ಮೂಲೆಯ ಜಾಕ್‌ಗಳನ್ನು ಇಳಿಸಿದರೆ ಮನೆ ತನ್ನ ಕಾಲ ಮೇಲೆ ನಿಲ್ಲುತ್ತದೆ, ಪಿಕಪ್ ಅಡಿಯಿಂದ ಸರಿದು ಹಾಲು ತರಲು ಹೋಗಬಹುದು.

ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ತನ್ನ ಭಾರವನ್ನು ಬಹುಪಾಲು ತನ್ನ ಚಕ್ರಗಳ ಮೇಲೇ ಹೊರುತ್ತದೆ. ಕ್ಯಾಂಪರ್ ಹಾಗಲ್ಲ, ಅದರ ಒಂದೊಂದು ಕಿಲೋ ಕೂಡ ಪಿಕಪ್ಪಿನ ಸ್ಪ್ರಿಂಗ್, ಆಕ್ಸೆಲ್, ಟೈರುಗಳ ಮೇಲೆ. ಗಾಡಿಗೆ ಹೂಡುವ ಎತ್ತಿಗೂ ಬೆನ್ನ ಮೇಲೆ ಚೀಲ ಹೇರುವ ಹೇರೆತ್ತಿಗೂ ಇರುವ ವ್ಯತ್ಯಾಸವೇ ಇದು.

ಜಾಹೀರಾತುಗಳು ಮಾತ್ರ ಎಳೆತದ ಹಾಡನ್ನೇ ಹಾಡುತ್ತವೆ. ಫೋರ್ಡ್ ಎಫ್-150ಯಂಥ ಪಿಕಪ್ ಸರಿಯಾದ ಸಜ್ಜಿಕೆಯಲ್ಲಿ ಐದು ಟನ್ನಿಗೂ ಮಿಕ್ಕಿ ಎಳೆಯುತ್ತದೆ ಎಂಬುದು ನಿಜ. ಆದರೆ ಅದೇ ಗಾಡಿಯ ಸಾಮಾನ್ಯ ಮಾದರಿಗಳು ಹೊರಬಲ್ಲದ್ದು 700ರಿಂದ 900 ಕೆಜಿ. ನಾಲ್ಕು ಜನ ಹತ್ತಿ ಕೂತರೆ ಅದರಲ್ಲೇ 280 ಕೆಜಿ ಹೋಯಿತು. ಉಳಿದದ್ದರಲ್ಲಿ ಮಡಚುವ ಛಾವಣಿಯ ಹಗುರ ಕ್ಯಾಂಪರ್ ಹಿಡಿಸಿದರೆ ಪುಣ್ಯ.

ಬಾಗಿಲ ಸಂದಿಯ ಚೀಟಿ

ಅಮೆರಿಕದಲ್ಲಿ ಮಾರುವ ಬಹುತೇಕ ಪಿಕಪ್‌ಗಳ ಡ್ರೈವರ್ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಎರಡು ಚೀಟಿಗಳು ಕಾಣುತ್ತವೆ. ಹಳದಿ ಗುರುತಿನದು ಜನ ಮತ್ತು ಸಾಮಾನು ಸೇರಿ ಎಷ್ಟು ಕೆಜಿ ಮೀರಬಾರದು ಎನ್ನುತ್ತದೆ. ಇನ್ನೊಂದರಲ್ಲಿ ಇಡೀ ಗಾಡಿಯ ಗರಿಷ್ಠ ತೂಕವೂ ಮುಂದಿನ ಹಿಂದಿನ ಆಕ್ಸೆಲ್‌ಗಳ ಮಿತಿಯೂ ಬೇರೆ ಬೇರೆಯಾಗಿ ಇರುತ್ತದೆ. ಹಳದಿ ಚೀಟಿಯ ಅಂಕಿ ಆ ಒಂದು ಗಾಡಿಯದು. ಪಕ್ಕದಲ್ಲಿ ನಿಂತ ಅದೇ ಬಣ್ಣದ, ಅದೇ ಹೆಸರಿನ ಗಾಡಿಯದು ಬೇರೆ ಇರಬಹುದು. ಸೇಲ್ಸ್‌ಮನ್ ಏನೇ ಹೇಳಲಿ, ಶೋರೂಮಿಗೆ ಹೋದವರು ಮೊದಲು ಬಾಗಿಲು ತೆರೆದು ಇದರ ಫೋಟೊ ತೆಗೆದುಕೊಳ್ಳಬೇಕು.

ಇನ್ನು ಕ್ಯಾಂಪರ್‌ನ ಬ್ರೋಷರ್. ಅದರಲ್ಲಿ ದೊಡ್ಡಕ್ಷರದಲ್ಲಿ ಇರುವುದು ಒಣ ತೂಕ. ನೀರಿಲ್ಲ, ಗ್ಯಾಸಿಲ್ಲ, ಎಷ್ಟೋ ಸಲ ಎಸಿಯೂ ಇಲ್ಲದ ತೂಕ. ಒಂದು ಲೆಕ್ಕ ಹಾಕಿ ನೋಡೋಣ.

ಬ್ರೋಷರ್ 1,200 ಕೆಜಿ ಎನ್ನುತ್ತದೆ ಎಂದುಕೊಳ್ಳಿ. 150 ಲೀಟರ್ ನೀರು ತುಂಬಿದರೆ 150 ಕೆಜಿ. ಎರಡು ಗ್ಯಾಸ್ ಸಿಲಿಂಡರ್ 34. ಎರಡು ಸೀಸದ ಬ್ಯಾಟರಿ 60. ಎಸಿ, ಬಿಸಿಲು ಚಪ್ಪರ ಸೇರಿ 70. ಬಟ್ಟೆಬರೆ, ಪಾತ್ರೆಪಗಡೆ, ಅಕ್ಕಿ ಬೇಳೆ, ಕುರ್ಚಿ, ಮಕ್ಕಳ ಸೈಕಲ್ಲು ಸೇರಿ 120ಕ್ಕೆ ಕಡಿಮೆಯಾಗದು. ಬಿಗಿಯುವ ಕಬ್ಬಿಣದ ಸಾಮಗ್ರಿಗೆ 50. ನಾಲ್ಕು ಜನಕ್ಕೆ 280. ಒಟ್ಟು 1,964 ಕೆಜಿ! ಕಾಗದದ ಮೇಲೆ ಒಂದೂಕಾಲು ಟನ್ನೂ ಇರದಿದ್ದದ್ದು ರಸ್ತೆಗೆ ಬರುವಾಗ ಎರಡು ಟನ್ನಿಗೆ ಬಂದು ನಿಂತಿತು.

ಕೊಳಚೆ ನೀರಿನ ಟ್ಯಾಂಕ್‌ಗಳ ಲೆಕ್ಕ ನಾನು ಹಿಡಿದಿಲ್ಲ. ಅವನ್ನು ಖಾಲಿ ಮಾಡದೆ ಊರು ಬಿಡುವವರೂ ಇದ್ದಾರೆ.

> ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್
> ಅಮೆರಿಕನ್ನರು ಪಿಕಪ್‌ಗಳನ್ನು ಕರೆಯುವುದು ಹೀಗೆ. ಎಫ್-150, 1500 ಎಂದರೆ ಅರ್ಧ ಟನ್, 250 ಅಥವಾ 2500 ಮುಕ್ಕಾಲು, 350 ಅಥವಾ 3500 ಒಂದು ಟನ್. ಒಂದು ಕಾಲದಲ್ಲಿ ಇದು ಹೊರೆಯ ಲೆಕ್ಕವೇ ಆಗಿತ್ತು. ಈಗ ಬರೀ ಅಂಕಿತನಾಮ, ಚೀಟಿಯ ಅಂಕಿಗೂ ಇದಕ್ಕೂ ತಾಳೆಯಿಲ್ಲ. ಸ್ಟೈನ್‌ಬೆಕ್ ಓಡಿಸಿದ್ದು ಮುಕ್ಕಾಲು ಟನ್ ಗಾಡಿ. ಹಿಂದೆ ಜೋಡಿ ಚಕ್ರ ಇರುವ ‘ಡ್ಯುಯಲಿ’ ಪಿಕಪ್ಪನ್ನು ಜನರಲ್ ಮೋಟಾರ್ಸ್ ಕಾರ್ಖಾನೆಯಿಂದಲೇ ಕೊಡತೊಡಗಿದ್ದು 1973ರ ಮಾದರಿಗಳಿಂದ.

ಶೃಂಗಾರ ಹೆಚ್ಚಿದಷ್ಟೂ ಬಲ ಕಡಿಮೆ

ದೊಡ್ಡ ಡೀಸೆಲ್ ಎಂಜಿನ್, ನಾಲ್ಕು ಬಾಗಿಲು, ಚರ್ಮದ ಸೀಟು, ಬಿಸಿಲು ಕಿಂಡಿ. ಇಷ್ಟಿದ್ದರೆ ಗಾಡಿ ಗಟ್ಟಿ ಎಂದು ನಮ್ಮ ಮನಸ್ಸು ಹೇಳುತ್ತದೆ. ಲೆಕ್ಕ ತಿರುಗುಮುರುಗು. ಇವೆಲ್ಲ ಗಾಡಿಯ ಸ್ವಂತ ತೂಕ, ಅದು ಏರಿದಷ್ಟೂ ಹೊರೆಗೆ ಉಳಿಯುವ ಪಾಲು ಇಳಿಯುತ್ತದೆ.

ಮುಕ್ಕಾಲು ಟನ್ ಗಾಡಿಗಳಲ್ಲಿ ಇದು ಎದ್ದು ಕಾಣುತ್ತದೆ. ನೋಂದಣಿ ಶುಲ್ಕ, ವಾಹನ ವರ್ಗಗಳ ಕಾರಣಕ್ಕೆ ಅವುಗಳ ಗರಿಷ್ಠ ತೂಕವನ್ನು ಹತ್ತು ಸಾವಿರ ಪೌಂಡಿಗೆ, ಅಂದರೆ 4,536 ಕೆಜಿಗೆ ನಿಲ್ಲಿಸಿರುವುದು ಸಾಮಾನ್ಯ. ನಾಲ್ಕು ಬಾಗಿಲಿನ, ನಾಲ್ಕೂ ಚಕ್ರ ಎಳೆಯುವ ಡೀಸೆಲ್ ಗಾಡಿಯೇ 3,400 ಕೆಜಿ ತೂಗಿದರೆ ಹೊರೆಗೆ ಉಳಿದದ್ದು 1,136. ನಮ್ಮ 1,964 ಕೆಜಿ ಸಂಸಾರ ಇದರ ಮೇಲೆ ಹೇರಲಾಗದು. ಪೆಟ್ರೋಲ್ ಎಂಜಿನ್ ಆದರೆ ಕೆಲವು ನೂರು ಕೆಜಿ ವಾಪಸು ಬಂದೀತು.

ಜೋಡಿ ಚಕ್ರದ ಒಂದು ಟನ್ ಗಾಡಿಯ ಮಿತಿ 6,350 ಕೆಜಿವರೆಗೆ ಹೋಗುತ್ತದೆ, ಹೊರೆಗೆ ಎರಡೂವರೆ ಟನ್ ಉಳಿಯುತ್ತದೆ. ಗೋಡೆ ಹೊರಕ್ಕೆ ಜಾರುವ, ಬಚ್ಚಲು ಇರುವ ದೊಡ್ಡ ಕ್ಯಾಂಪರ್ ಬೇಕೆನ್ನುವವರಿಗೆ ಬೇರೆ ದಾರಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಪಾರ್ಕಿಂಗ್‌ನಲ್ಲಿ ಪರದಾಟ, ಇಕ್ಕಟ್ಟು ರಸ್ತೆಯಲ್ಲಿ ಅಂಜಿಕೆ, ಒಳಗಿನ ಟೈರಿಗೆ ಗಾಳಿ ತುಂಬುವ ಕಷ್ಟ, ಎಲ್ಲ ಸಹಿಸಿಕೊಳ್ಳಬೇಕು.

ಹಾಗಾಗಿ ಕ್ರಮ ಇಷ್ಟೇ: ಮೊದಲು ಕ್ಯಾಂಪರ್ ಗೊತ್ತು ಮಾಡಿ, ತುಂಬಿದ ತೂಕ ಲೆಕ್ಕ ಹಾಕಿ, ಆಮೇಲೆ ಪಿಕಪ್ ಹುಡುಕಿ. ಬಹುತೇಕರು ಮಾಡುವುದು ಇದರ ಉಲ್ಟಾ. ಮನೆಯ ಮುಂದೆ ಆಗಲೇ ಹೊಳೆಯುವ ಗಾಡಿಯೊಂದು ನಿಂತಿರುತ್ತದೆ, ಇನ್ನೇನು ಅದಕ್ಕೊಂದು ಮನೆ ತೊಡಿಸಿದರಾಯಿತು ಎಂಬ ಧಾವಂತ.

ಭಾರ ಎಷ್ಟು ಸರಿ, ಎಲ್ಲಿ?

ತೂಕ ಮಿತಿಯೊಳಗಿದ್ದರೂ ಸಾಲದು. ಕ್ಯಾಂಪರ್‌ನ ಭಾರದ ಕೇಂದ್ರ ಹಿಂದಿನ ಆಕ್ಸೆಲ್‌ಗಿಂತ ಸ್ವಲ್ಪ ಮುಂದೆ ಬೀಳಬೇಕು. ಹಿಂದಕ್ಕೆ ಬಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಅದಕ್ಕೇ ಕ್ಯಾಂಪರ್ ಹೇರಬಹುದಾದ ಪಿಕಪ್‌ಗಳ ತಯಾರಕರು ಈ ಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಬೀಳಬಹುದು ಎಂದು ತಿಳಿಸಲೇಬೇಕೆಂಬ ಫೆಡರಲ್ ನಿಯಮ ಇದೆ.

ಫೋರ್ಡ್ ಕಂಪನಿಗೆ ಇದು ಬೇಗನೆ ಅರಿವಾಗಿತ್ತು. ಅರವತ್ತರ ದಶಕದಲ್ಲಿ ‘ಕ್ಯಾಂಪರ್ ಸ್ಪೆಷಲ್’ ಎಂಬ ಸಜ್ಜಿಕೆ ತಂದಿತು. ಎಪ್ಪತ್ತರ ದಶಕದ ‘ಸೂಪರ್ ಕ್ಯಾಂಪರ್ ಸ್ಪೆಷಲ್’ನಲ್ಲಂತೂ ಹಿಂದಿನ ಆಕ್ಸೆಲನ್ನೇ ಹಿಂದಕ್ಕೆ ಸರಿಸಿತು, ಮನೆಯ ಭಾರ ಎರಡು ಆಕ್ಸೆಲ್‌ಗಳ ನಡುವೆ ಬೀಳಲಿ ಎಂದು. ಇವತ್ತಿನ ಫ್ಯಾಷನ್ ತದ್ವಿರುದ್ಧ: ಮುಂದೆ ವಿಶಾಲ ಕ್ಯಾಬಿನ್, ಹಿಂದೆ ಗಿಡ್ಡ ತೊಟ್ಟಿ. ಎಂಟು ಅಡಿ ತೊಟ್ಟಿಗೆಂದು ಮಾಡಿದ ಕ್ಯಾಂಪರನ್ನು ಆರೂವರೆ ಅಡಿಯದಕ್ಕೆ ಕೂರಿಸಿದರೆ ಹಿಂಭಾಗ ಬಾಲದಂತೆ ನೇತಾಡುತ್ತದೆ. ಕೆಲವು ವರ್ಷಗಳ ಹಿಂದೆ ಮೆಕ್ಸಿಕೋದ ಬಾಹಾ ಕಡೆ ಭಾರೀ ಕ್ಯಾಂಪರ್ ಹೊತ್ತ ಜೋಡಿ ಚಕ್ರದ ಪಿಕಪ್ ಒಂದರ ಚಾಸಿ ಕ್ಯಾಬಿನ್ನಿನ ಹಿಂದೆಯೇ ಬಾಗಿ ಹೋದ ಚಿತ್ರ ಊರೆಲ್ಲ ಹರಿದಾಡಿತ್ತು.

ನಾಲ್ಕು ಅಂಗೈ ಜಾಗ

ಎರಡು ಟನ್ ಮನೆ ಕೊನೆಗೆ ರಸ್ತೆಗೆ ತಾಗುವುದು ಅಂಗೈಯಗಲದ ಒಂದಿಷ್ಟು ರಬ್ಬರಿನಲ್ಲಿ. ಹಣ ಖರ್ಚು ಮಾಡುವುದಿದ್ದರೆ ಮೊದಲು ಟೈರಿಗೆ.

ಟೈರಿನ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 125 ಎಂದಿದ್ದರೆ ಒಂದು ಟೈರು 1,650 ಕೆಜಿ ತಡೆಯುತ್ತದೆ ಎಂದರ್ಥ, ಜೋಡಿಗೆ 3,300. ಸಾಕಲ್ಲ ಅನ್ನಿಸುತ್ತದೆ. ಆದರೆ ದೊಡ್ಡ ಖಾಲಿ ಪಿಕಪ್ಪಿನಲ್ಲೂ ಹಿಂದಿನ ಆಕ್ಸೆಲ್ ಮೇಲೆ ಆಗಲೇ 1,400 ಕೆಜಿ ಆಸುಪಾಸು ಇರುತ್ತದೆ. ಅದಕ್ಕೆ ಕ್ಯಾಂಪರ್‌ನ 1,700 ಸೇರಿತು, 3,100. ಹಿಂದಿನ ಸೀಟಿನವರ ಪಾಲೂ ಸೇರಿದರೆ ನೂರು ಕೆಜಿಯೂ ಉಳಿಯದು. ಅದೂ ಗಾಳಿ ಪೂರ್ತಿ 80 ಪಿಎಸ್‌ಐ ಇದ್ದರೆ ಮಾತ್ರ! ಗಾಳಿ ಇಳಿದಷ್ಟೂ ಟೈರಿನ ಸಾಮರ್ಥ್ಯ ಇಳಿಯುತ್ತದೆ. 65ಕ್ಕೆ ಬಂದರೆ ಆ ಅಂತರ ಮಾಯ. ಟೈರಿನ ಗೋಡೆ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ನೆವಾಡಾ ಮರುಭೂಮಿಯ ಜುಲೈ ಬಿಸಿಲಿನಲ್ಲಿ ಉಳಿದದ್ದನ್ನು ರಸ್ತೆ ಮಾಡುತ್ತದೆ.

ಕಾರಿನ ವರ್ಗದ ಟೈರು ಹಾಕಿಕೊಂಡ ಅರ್ಧ ಟನ್ ಗಾಡಿಗಳಿಗೆ ಲಘು ಟ್ರಕ್ ವರ್ಗದ ಟೈರು ಹಾಕಿಸುವುದು ಮೊದಲ ಹೆಜ್ಜೆ. ಭಾರೀ ಮನೆ ಹೊರುವವರು 19.5 ಇಂಚಿನ ಚಕ್ರ, ಅದಕ್ಕೆ ಡೆಲಿವರಿ ಲಾರಿಗಳ ಟೈರು ಹಾಕಿಸುತ್ತಾರೆ. ಸವಾರಿ ಒರಟಾದರೂ ಪಕ್ಕದ ಗೋಡೆ ಗಟ್ಟಿ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ವರ್ಷಕ್ಕೆ ಹತ್ತು ದಿನ ಓಡುವ ಗಾಡಿಯ ಟೈರು ಸವೆಯುವುದಿಲ್ಲ, ನಿಂತಲ್ಲೇ ಮುಪ್ಪಾಗುತ್ತದೆ.

> ರೊಸಿನಾಂಟೆ ಎಂಬ ಗಾಡಿ
> ಸ್ಟೈನ್‌ಬೆಕ್ ತಮ್ಮ ಪಿಕಪ್ಪಿಗೆ ಇಟ್ಟ ಹೆಸರು ಡಾನ್ ಕ್ವಿಕ್ಸೋಟನ ಕುದುರೆಯದು. 1960ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಯಾಗ್ ಹಾರ್ಬರ್‌ನಿಂದ ಹೊರಟು ಸುಮಾರು 16,000 ಕಿ.ಮೀ. ಸುತ್ತಿಬಂದ ಆ ಗಾಡಿ, ಮನೆ ಸಮೇತ, ಅವರ ಹುಟ್ಟೂರು ಸಲೀನಾಸ್‌ನ ನ್ಯಾಷನಲ್ ಸ್ಟೈನ್‌ಬೆಕ್ ಸೆಂಟರ್‌ನಲ್ಲಿದೆ. ಸ್ಯಾನ್ ಹೊಸೆಯಿಂದ ನೂರು ಕಿಲೋಮೀಟರ್ ಒಳಗೇ.

ಗ್ಯಾರೇಜಿನ ಮಾಯೆ

ಗಾಡಿಯ ಹಿಂಭಾಗ ಕುಸಿದಿದೆಯೇ? ಗಾಳಿ ಬಲೂನು ಹಾಕಿಸಿ ಎನ್ನುತ್ತಾರೆ. ಸ್ಪ್ರಿಂಗ್ ಮತ್ತು ಚಾಸಿಯ ನಡುವೆ ಕೂರುವ ಈ ರಬ್ಬರ್ ಚೀಲಗಳಿಗೆ ಗಾಳಿ ತುಂಬಿದರೆ ಗಾಡಿ ಮತ್ತೆ ಮಟ್ಟಸವಾಗುತ್ತದೆ, ಹೆಡ್‌ಲೈಟ್ ಆಕಾಶ ನೋಡುವುದು ತಪ್ಪುತ್ತದೆ. ಎಡ ಬಲ ಬೇರೆ ಬೇರೆ ನಳಿಕೆ ಇರಲಿ. ಎರಡಕ್ಕೂ ಒಂದೇ ನಳಿಕೆ ಕೊಟ್ಟರೆ ತಿರುವಿನಲ್ಲಿ ಒಂದರ ಗಾಳಿ ಇನ್ನೊಂದಕ್ಕೆ ಓಡಿ ಓಲಾಟ ಹೆಚ್ಚುತ್ತದೆ.

ಓಲಾಟಕ್ಕೆ ನಿಜವಾದ ಮದ್ದು ದಪ್ಪನೆಯ ಆಂಟಿ-ರೋಲ್ ಬಾರ್ ಮತ್ತು ಒಳ್ಳೆಯ ಶಾಕ್ ಅಬ್ಸಾರ್ಬರ್. ಕಾರ್ಖಾನೆಯ ಸ್ಪ್ರಿಂಗ್ ಕಟ್ಟಿಗೆ ಇನ್ನೊಂದೆರಡು ಪಟ್ಟಿ ಸೇರಿಸುವುದು ಹಳೆಯ, ನಂಬಿಕಸ್ಥ ದಾರಿ.

ಇಷ್ಟೆಲ್ಲ ಮಾಡಿಸಿದರೂ ಬಾಗಿಲ ಚೀಟಿಯ ಅಂಕಿ ಒಂದು ಕಿಲೋ ಮೇಲೇರುವುದಿಲ್ಲ. ಬ್ರೇಕು, ಆಕ್ಸೆಲ್ ಬೇರಿಂಗು, ಚಾಸಿ ಮೊದಲಿನವೇ. ಕುಸಿತ ಮರೆಯಾಯಿತೆಂದರೆ ಭಾರ ಹೋಯಿತೆಂದಲ್ಲ, ಕಣ್ಣಿಗೆ ಕಾಣದಾಯಿತು ಅಷ್ಟೆ. ಮಿತಿಯೊಳಗಿನ ಗಾಡಿಯನ್ನು ಹದ ಮಾಡಲು ಈ ಉಪಕರಣಗಳು ಅತ್ಯುತ್ತಮ, ಮಿತಿ ಮೀರಿದ ಗಾಡಿಗೆ ಇವು ಬರೀ ಪೌಡರು ಲೇಪನ.

ಬಿಗಿಯುವ ವಿಷಯ ಮರೆಯುವಂತಿಲ್ಲ. ತೊಟ್ಟಿಯ ತೆಳು ತಗಡಿಗೆ ಕೊಕ್ಕೆ ಹಾಕಿ ಬಿಗಿದರೆ ಒಂದು ಗುಂಡಿಯ ಕುಲುಕಾಟಕ್ಕೆ ಕಿತ್ತು ಬರಬಹುದು. ಫೋರ್ಡ್‌ನ ದೊಡ್ಡ ಪಿಕಪ್‌ಗಳ ಮೈ 2017ರ ಮಾದರಿಯಿಂದ ಅಲ್ಯೂಮಿನಿಯಂ. ಹಾಗಾಗಿ ಚಾಸಿಗೇ ಬೋಲ್ಟ್ ಮಾಡುವ ಕೊಕ್ಕೆಗಳು ಬೇಕು. ತೊಟ್ಟಿಯೊಳಗೆ ಜಾರುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಕಿತ್ತು ಹಾಕಿ ದಪ್ಪ ರಬ್ಬರ್ ಹಾಸು ಹಾಸಬೇಕು. ಹೊರಟು ಐವತ್ತು ಕಿಲೋಮೀಟರ್ ಆದ ಮೇಲೆ ಇಳಿದು ಬಿಗಿ ಪರೀಕ್ಷಿಸುವುದು ಬಲ್ಲವರ ಅಭ್ಯಾಸ.

> ಹದಿನೈದು ಡಾಲರಿನ ಸತ್ಯ
> ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ‘ಕ್ಯಾಟ್ ಸ್ಕೇಲ್’ ಎಂಬ ಬೋರ್ಡು ಕಾಣುತ್ತದೆ. ಲಾರಿಯವರಿಗೆಂದು 1977ರಲ್ಲಿ ಶುರುವಾದ ವೇಬ್ರಿಜ್ ಸರಣಿ, ಕಂಪನಿ ಇರುವುದು ಅಯೋವಾ ರಾಜ್ಯದ ವಾಲ್‌ಕಾಟ್‌ನಲ್ಲಿ. ಮುಂದಿನ, ಹಿಂದಿನ ಆಕ್ಸೆಲ್‌ಗಳ ತೂಕ ಬೇರೆ ಬೇರೆಯಾಗಿ ಅಚ್ಚಾಗಿ ಕೈಗೆ ಬರುತ್ತದೆ. ಶುಲ್ಕ ಹದಿನೈದು ಡಾಲರ್ ಆಸುಪಾಸು. ನೀರು ತುಂಬಿ, ಸಂಸಾರ ಸಮೇತ ಹತ್ತಿ ಕೂತು ತೂಗಿಸಬೇಕು.

ಘಟ್ಟ ಇಳಿಯುವಾಗ

ಖಾಸಗಿ ಕ್ಯಾಂಪರ್‌ಗಳನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ಯಾರೂ ನಿಲ್ಲಿಸಿ ತೂಗುವುದಿಲ್ಲ. ಹಾಗಾಗಿ ಹೊರೆ ಮೀರಿದ ಗಾಡಿಗಳು ವರ್ಷಗಟ್ಟಲೆ ಓಡುತ್ತವೆ, ‘ನಮಗೇನೂ ಆಗಿಲ್ಲ’ ಎಂದು ಮಾಲೀಕರು ಎದೆ ತಟ್ಟಿಕೊಳ್ಳುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಆಗುವುದೂ ಇಲ್ಲ.

ಸೊನೋರಾ ಪಾಸ್ ಹತ್ತಿ ನೋಡಬೇಕು. ಯೊಸೆಮಿಟಿಯ ಉತ್ತರಕ್ಕೆ ಸಿಯೆರಾ ದಾಟುವ ಈ ರಸ್ತೆಯ ಇಳಿಜಾರು ಕೆಲವೆಡೆ ಶೇ 26. ನಮ್ಮ ಶಿರಾಡಿ, ಚಾರ್ಮಾಡಿ ಇದರ ಮುಂದೆ ಸಾಧು. ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಅದು ಕಾದು ಸೋಲುತ್ತದೆ. ಹತ್ತಿದ ಗೇರಿಗಿಂತ ಮೇಲಿನ ಗೇರಿನಲ್ಲಿ ಇಳಿಯಬೇಡ ಎಂದು ನಮ್ಮ ಲಾರಿಯವರು ಹೇಳುವ ಮಾತು ಅಲ್ಲೂ ನಡೆಯುತ್ತದೆ. ಡೀಸೆಲ್ ಗಾಡಿಯ ಎಕ್ಸಾಸ್ಟ್ ಬ್ರೇಕ್ ಇಲ್ಲಿ ತನ್ನ ಬೆಲೆ ತೋರಿಸುತ್ತದೆ. ಡೀಸೆಲ್ ಎಂಜಿನ್ ಹೊರೆಯ ಪಾಲು ತಿನ್ನುತ್ತದೆ ಎಂದವನು ನಾನೇ, ಈ ಒಂದು ಕಡೆ ಅದಕ್ಕೆ ಪೂರ್ತಿ ಅಂಕ.

ಇನ್ನೊಂದು ಶತ್ರು ಅಡ್ಡ ಗಾಳಿ. ಕ್ಯಾಂಪರ್ ಹೊತ್ತ ಪಿಕಪ್ ಮೂರೂವರೆ ಮೀಟರ್ ಎತ್ತರಕ್ಕೆ ಹೋಗುತ್ತದೆ. ಸಿಯೆರಾದ ಪೂರ್ವ ಮಗ್ಗುಲಿನ 395ನೇ ಹೆದ್ದಾರಿಯಲ್ಲಿ ಎತ್ತರದ ಗಾಡಿಗಳಿಗೆ ಗಾಳಿಯ ಎಚ್ಚರಿಕೆ ಹೊಸದಲ್ಲ. ನೀರು, ಡಬ್ಬಿ, ಬ್ಯಾಟರಿಯಂಥ ಭಾರದ ಸಾಮಾನು ತಳದಲ್ಲಿ, ಮುಂಭಾಗದಲ್ಲಿ ಇರಲಿ. ಮೇಲಿನ ಗೂಡುಗಳಿಗೆ ಟವೆಲ್ಲು, ಹಪ್ಪಳದ ಡಬ್ಬ ಸಾಕು.

ನಮ್ಮಲ್ಲಿ ಆದರೆ?

ಬಿಡದಿಯ ಟೊಯೋಟಾ ಕಾರ್ಖಾನೆ 2022ರಲ್ಲಿ ಹೈಲಕ್ಸ್ ತಂದ ಮೇಲೆ, ಅದಕ್ಕೂ ಮೊದಲು ಇಸುಜು ವಿ-ಕ್ರಾಸ್ ಬಂದ ಮೇಲೆ, ನಮ್ಮ ಹುಡುಗರಿಗೂ ಈ ಆಸೆ ಮೂಡಿದೆ. ಮೊದಲ ತೊಡಕು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕಾರವಾನ್‌ಗಳಿಗೆಂದು ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ. ಹೊರೆ ಮೀರಿದರೆ ದಂಡ ಇಪ್ಪತ್ತು ಸಾವಿರದಿಂದ ಶುರು.

ಎರಡನೆಯದು ಅದೇ ಹಳೆಯ ಲೆಕ್ಕ. ಬಾಗಿಲ ಚೀಟಿಯ ಬದಲು ಇಲ್ಲಿ ಆರ್‌ಸಿ ಕಾರ್ಡು ತೆಗೆಯಬೇಕು. ತುಂಬಿದ ತೂಕದಿಂದ ಖಾಲಿ ತೂಕ ಕಳೆದರೆ ಹೊರೆ ಎಷ್ಟೆಂದು ತಿಳಿಯುತ್ತದೆ. ಜೀವನಶೈಲಿಯ ಪಿಕಪ್ ಎಂದು ಹೆಸರಾದವುಗಳಲ್ಲಿ ಈ ಉತ್ತರ ಬಹಳ ಖುಷಿ ಕೊಡುವುದಿಲ್ಲ.

ಅದೇ ಮಂಡಿ ಮುಂದೆ ಟೊಮೆಟೊ ಕ್ರೇಟು ಹೊತ್ತು ನಿಂತ, ಬೆಸ್ಕಾಂ ಗುತ್ತಿಗೆದಾರರ ಏಣಿ ಹೊತ್ತು ಓಡುವ ಮಹೀಂದ್ರಾ ಬೊಲೆರೊ ಕ್ಯಾಂಪರ್ ನೋಡಿ. ಎಂಜಿನ್ನಿನ ಬಲ 75 ಅಶ್ವಶಕ್ತಿ ಆಸುಪಾಸು, ಹೊರೆ ಸಾಮರ್ಥ್ಯ ಒಂದು ಟನ್. 400 ಅಶ್ವಶಕ್ತಿಯ, ಚರ್ಮದ ಸೀಟಿನ ಎಫ್-150 ಇದರ ಪಕ್ಕ ನಿಂತರೆ ಚೀಟಿ ಮುಚ್ಚಿಕೊಳ್ಳಬೇಕು. 2022ರಲ್ಲಿ ಮಹೀಂದ್ರಾ ಇದೇ ಗಾಡಿಯ ಮೇಲೆ ಪ್ರವಾಸಿ ಮನೆ ಕಟ್ಟುವ ಯೋಜನೆಗೆ ಮದ್ರಾಸ್ ಐಐಟಿಯಲ್ಲಿ ಬೆಳೆದ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಹೆಸರಿನಲ್ಲಿ ಮೊದಲಿನಿಂದ ಇದ್ದ ಕ್ಯಾಂಪರನ್ನು ಬೆನ್ನಿಗೂ ಹೇರುವ ಯೋಚನೆ ಬರಲು ಇಷ್ಟು ವರ್ಷ ಯಾಕೆ ಹಿಡಿಯಿತೋ!